ಹತ್ತಿ

ನಮ್ಮ ಮನೆಯಲ್ಲಿ ಕುಕ್ಕರಿಗೆ ವಿಶಲ್ ಇಲ್ಲ.
ಬೇಳೆ ತೆರೆದ ಪಾತ್ರೆಯಲ್ಲೇ ಬೇಯಬೇಕು,
ಮುಕ್ಕಾಲು ಗಂಟೆ, ಕೆಲವೊಮ್ಮೆ ಅದಕ್ಕೂ ಮೇಲೆ.
ಕರೆಗಂಟೆಯ ವೈರು ಕತ್ತರಿಸಿ
ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ: ಮೆಲ್ಲಗೆ ತಟ್ಟಿ.
ಕೊರಿಯರ್ ಹುಡುಗ ಮೊದಲ ಸಲ ಕೇಳಿದ,
ಮನೇಲಿ ಕೂಸು ಐತೇನಕ್ಕಾ?
ಐತಪ್ಪಾ ಅಂದೆ. ಹದಿಮೂರು ವರ್ಷದ ಕೂಸು.

ಎರಡು ವರ್ಷ ಫಿಟ್ಸ್ ಅಂದುಕೊಂಡಿದ್ದೆವು.
ಬೆಳಗ್ಗೆ ಐದೂವರೆಗೆ ಮೊಬೈಲು ಕೂಗಿಕೊಂಡರೆ
ದಡಕ್ಕನೆ ಎದ್ದು ಕೂತವಳು ಹಾಗೇ ವಾಲುತ್ತಿದ್ದಳು,
ಕಣ್ಣು ಮೇಲೆ, ತುಟಿ ನೇರಳೆ.
ಕೈಗೆ ಬೀಗದ ಕೈ ಹಿಡಿಸಿದೆವು, ಮೂಗಿಗೆ ಈರುಳ್ಳಿ ಹಿಡಿದೆವು,
ಫಿಟ್ಸಿನ ಮಾತ್ರೆ ನುಂಗಿಸಿದೆವು.
ಮಗ್ಗಿ ಮರೆತು ಮಂಕಾದಳು,
ಬೀಳುವುದು ಬಿಡಲಿಲ್ಲ.

ಆಮೇಲೆ ಒಬ್ಬ ಡಾಕ್ಟರಮ್ಮ, ಇನ್ನೂ ಎಳೆಯ ವಯಸ್ಸು,
ತಲೆಯ ಸ್ಕ್ಯಾನು ಪಕ್ಕಕ್ಕಿಟ್ಟು
ಎದೆಗೆ ವೈರು ಹಚ್ಚಿಸಿದರು.
ಗುಲಾಬಿ ಚೌಕುಳಿ ಕಾಗದದ ಮೇಲೆ ಗೆರೆ ಏರಿತು, ಇಳಿಯಿತು.
ಪೆನ್ನಿನ ತುದಿಯಿಟ್ಟು ತೋರಿಸಿದರು:
ಒಮ್ಮೆ ಬಡಿದ ಮೇಲೆ ಗುಂಡಿಗೆ ಸುಧಾರಿಸಿಕೊಳ್ಳಬೇಕಲ್ಲ,
ಇವಳಿಗೆ ತುಸು ತಡವಾಗುತ್ತೆ, ಎರಡು ಮೂರು ಚೌಕದಷ್ಟು.
ಆ ತಡದೊಳಗೆ ಫಕ್ಕನೆ ಸದ್ದೊಂದು ಬಿದ್ದರೆ
ತಾಳ ತಪ್ಪುತ್ತೆ.
ಎಳ್ಳು ಹಿಡಿಯದಷ್ಟು ಜಾಗ.
ನನ್ನ ಮಗಳು ಬೀಳುತ್ತಿದ್ದದ್ದು ಅದರೊಳಗೆ.

ನಿಮ್ಮದೂ ತೆಗೆಯೋಣ ಎಂದರು.
ನನ್ನದೂ ಹಾಗೇ ಇತ್ತು.

ಬಿಳಿ ಹಾಳೆಯಲ್ಲಿ ನಮ್ಮ ವಂಶ ಬರೆದರು,
ಹೆಂಗಸರಿಗೆ ದುಂಡು, ಗಂಡಸರಿಗೆ ಚೌಕ,
ಸತ್ತವರಿಗೆ ಓರೆಗೆರೆ.
ಅಮ್ಮನ ಪಕ್ಕದ ದುಂಡಿನ ಮೇಲೆ ಪೆನ್ನು ನಿಲ್ಲಿಸಿ
ಇವರು ಹೇಗೆ ಹೋದರು, ಎಂದು ಕೇಳಿದರು.

ನಾನು ನೋಡದ ದೊಡ್ಡಮ್ಮ. ಗೋಣೆಮ್ಮ. ಹದಿನಾರು.
ಹತ್ತಿ ಮಿಲ್ಲಿನ ಹಿಂದಿನ ಸಾಲುಮನೆ.
ನಸುಕಿನಲ್ಲಿ ಮೊದಲ ಪಾಳಿಯ ಕೂಗು ಹೊಡೆಯಿತು,
ಇಡೀ ದಾವಣಗೆರೆ ಎದ್ದಿತು,
ಅವಳು ಏಳಲಿಲ್ಲ.
ಗಾಳಿ ಅಂದರು ಕೇರಿಯವರು. ಹುಳ ಮುಟ್ಟಿರಬೇಕು ಅಂದರು.
ಮದುವೆ ಒಲ್ಲೆ ಅಂದಿದ್ದಳಲ್ಲ, ಏನಾದರೂ ಕುಡಿದಳೇನೋ
ಎಂದು ನೀರಿನ ನಲ್ಲಿಯ ಹತ್ತಿರ ಪಿಸುಗುಟ್ಟಿದರು.
ಅಜ್ಜಿಯದು ಮಾತ್ರ ಸಾಯುವತನಕ ಒಂದೇ ಮಾತು:
ಮಿಲ್ಲಿನ ಕೂಗೇ ನನ್ನ ಮಗಳನ್ನ ಕರಕೊಂಡು ಹೋತು.

ನಾವು ನಗುತ್ತಿದ್ದೆವು.
ರಾತ್ರಿ ಮೊಮ್ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ
ಕಿವಿಗೆ ಹತ್ತಿ ತುರುಕುತ್ತಿದ್ದಳು,
ತಾತನ ಅಂಗಿ ಕೊಡವಿ ಕೂಡಿಟ್ಟ ಹತ್ತಿ,
ಮೇಲೊಂದು ಹನಿ ಹರಳೆಣ್ಣೆ.
ಮಿಲ್ಲು ಮುಚ್ಚಿತು, ಕೂಗು ನಿಂತಿತು,
ಅವಳು ಹಳೇ ದಿಂಬು ಹರಿದು ತುರುಕಿದಳು.
ಹತ್ತಿಯಜ್ಜಿ ಎಂದು ಹೆಸರಿಟ್ಟವಳು ನಾನೇ.

ಇದಿಷ್ಟನ್ನೂ ಹೇಳಿದೆ.
ಡಾಕ್ಟರಮ್ಮ ಏನೂ ಅನ್ನಲಿಲ್ಲ,
ಆ ದುಂಡಿನೊಳಗೆ ನಿಧಾನಕ್ಕೆ ಕಪ್ಪು ತುಂಬಿದರು.
ಐವತ್ತೈದು ವರ್ಷದ ಮೇಲೆ
ನಮ್ಮ ದೊಡ್ಡಮ್ಮ ವಿಷ ಕುಡಿಯಲಿಲ್ಲ.

ರೈಲ್ವೆ ಗೇಟಿನ ಪಕ್ಕದ ಬಾಡಿಗೆ ಮನೆ ಬಿಟ್ಟು
ನಿಟುವಳ್ಳಿಗೆ ಬಂದಿದ್ದೇವೆ.
ಹೊತ್ತಿಗೆ ಸರಿಯಾಗಿ ಇಬ್ಬರಿಗೂ ಮಾತ್ರೆ, ಒಂದೇ ಡಬ್ಬಿಯಿಂದ.
ಗಂಟೆ ದೂರವಿರುವ ಕೋಣೆ ಕೊಡಿ ಎಂದಷ್ಟೇ
ಶಾಲೆಯಲ್ಲಿ ಕೇಳಿಕೊಂಡಿದ್ದೆ.
ಗಂಟೆ ಹೊಡೆಯುವ ಫಕ್ರುಸಾಬಣ್ಣ
ಮೊದಲ ಏಟನ್ನೇ ಈಗ ಹಗುರ ಹೊಡೆಯುತ್ತಾನಂತೆ,
ನೆಂಟರ ಮನೆಯ ಬಾಗಿಲು ತಟ್ಟಿದ ಹಾಗೆ.
ದೀಪಾವಳಿಗೆ ಏನು ಮಾಡುವುದೋ ಇನ್ನೂ ಗೊತ್ತಿಲ್ಲ.

ಬೆಳಗ್ಗೆ ನಾನೇ ಎಬ್ಬಿಸುತ್ತೇನೆ,
ಮೊದಲು ಕಾಲಿನ ಹೆಬ್ಬೆರಳು, ಆಮೇಲೆ ಪಾದ,
ಆಮೇಲೆ ಹೆಸರು, ಅದೂ ಅರ್ಧ. ವರ್ಷೀ.
ಮುಸುಕು ತೆಗೆಯದೆ
ಇನ್ನೈದು ನಿಮಿಷ ಅಮ್ಮಾ, ಎನ್ನುತ್ತಾಳೆ.
ಮಲಗು.
ಒಲೆಯ ಮೇಲೆ ಬೇಳೆ ನೊರೆ ಕಟ್ಟುತ್ತಿದೆ,
ಉಕ್ಕುವ ಮೊದಲು ತಟ್ಟೆ ಸರಿಸಬೇಕು.
ಇನ್ನೂ ಬೆಂದಿಲ್ಲ.