ಇಬ್ಬರು ಮೊಂತು

ಹಂಪನಕಟ್ಟೆಯ ಮೂರನೇ ಮಾಳಿಗೆ. ಫ್ಯಾನಿಗೆ ಒಂದೇ ವೇಗ.
ಟೈಮ್‌ಕೀಪರ್ ಲೋಕಯ್ಯ ಸಪಲ್ಯರು
ಎಣ್ಣೆ ಹಿಡಿದ ಪುಸ್ತಕವನ್ನು ನನ್ನ ಕೀಬೋರ್ಡಿನ ಮೇಲೇ ಬಿಡಿಸಿದರು:
ಸ್ಟೇಟ್‌ಬ್ಯಾಂಕಿನಿಂದ ತಲಪಾಡಿ,
ದಿನಕ್ಕೆ ಎಂಟು ಟ್ರಿಪ್ಪು, ಟ್ರಿಪ್ಪಿಗೆ ಆರು ಸ್ಟಾಪು.
ವಾಪಸು ಬರುವುದು ಇನ್ನೊಂದು ಪುಟ, ಅದು ಮತ್ತೆ.
"ಇದಿಷ್ಟು ಫೋನಿನಲ್ಲಿ ಕಾಣಬೇಕು ಮಾರಾಯ್ತಿ."

ನಲವತ್ತೆಂಟು ಮನೆ ಕೈಯಲ್ಲಿ ಕೊರೆಯುವುದು ಯಾರು?
ಸುತ್ತಿನೊಳಗೊಂದು ಸುತ್ತು ಬರೆದೆ.
ಹೊರಗಿನದು ಟ್ರಿಪ್ಪು ಎಣಿಸಲಿ, ಒಳಗಿನದು ಸ್ಟಾಪು.
ಹೊರಗಿನದು ಒಂದು ಹೆಜ್ಜೆ ಎತ್ತಿಡುವಷ್ಟರಲ್ಲಿ
ಒಳಗಿನದು ಜ್ಯೋತಿ, ಕಂಕನಾಡಿ, ಪಂಪ್‌ವೆಲ್,
ತೊಕ್ಕೊಟ್ಟು, ಕೋಟೆಕಾರು, ತಲಪಾಡಿ
ಎಲ್ಲ ಮುಗಿಸಿರಬೇಕು.

ಒತ್ತಿದೆ.
ಬೆಳಗಿನ ಆರು ಹತ್ತರ ಬಸ್ಸು ಬಂತು.
ಅದರ ಕೆಳಗೆ ನೇರ ಎಂಟನೆಯದು, ರಾತ್ರಿಯ ಲಾಸ್ಟ್ ಬಸ್ಸು.
ಅದರ ಕೆಳಗೆ ಲಾಸ್ಟ್ ಬಸ್ಸು.
ಅದರ ಕೆಳಗೆ ಲಾಸ್ಟ್ ಬಸ್ಸು.
ಪರದೆ ಕಲ್ಲಾಯಿತು, ಮೆಷಿನ್ನು ಬಿಸಿಯಾಯಿತು.
"ಲಾಸ್ಟಿಗೆ ಇಷ್ಟು ರಶ್ಶಿಲ್ಲ," ಅಂದರು ಲೋಕಯ್ಯ.

ಅರ್ಧ ಗಂಟೆ ಹುಡುಕಿದೆ. ಕೊನೆಗೆ ಕಂಡಿತು:
ಎರಡು ಸುತ್ತಿಗೂ ನಾನಿಟ್ಟದ್ದು ಒಂದೇ ಹೆಸರು.
ಒಳಗಿನದು ಎಣಿಸಿ ಎಣಿಸಿ
ಹೊರಗಿನದರ ಲೆಕ್ಕ ತಿಂದು ಕೂತಿತ್ತು.

ಲೋಕಯ್ಯರಿಗೆ ಆಶ್ಚರ್ಯವೇ ಇಲ್ಲ.
ಅವರು ಟಿಕೆಟು ಹರಿಯುತ್ತಿದ್ದ ಕಾಲದಲ್ಲಿ
ಡ್ರೈವರನೂ ಮೊಂತು, ಕ್ಲೀನರನೂ ಮೊಂತು.
ಧಣಿ ಶೆಡ್ಡಿನಿಂದ "ಮೊಂತೂ" ಎಂದು ಕೂಗಿದರೆ
ಇಬ್ಬರೂ ಇಳಿದು ಓಡುವರು,
ಜನ ತುಂಬಿದ ಬಸ್ಸು ಗುರುಗುಟ್ಟುತ್ತ ನಿಂತಿರುವುದು.
"ಮತ್ತೆ ಎಂತ ಮಾಡಿದಿರಿ?"
"ಎಂತ ಮಾಡುವುದು, ಒಬ್ಬನನ್ನು ಸಣ್ಣ ಮೊಂತು ಮಾಡಿದೆವು."

ಹೊರಗಿನದು ಐ ಆಗಿಯೇ ಉಳಿಯಿತು. ಒಳಗಿನದಕ್ಕೆ ಜೆ.
ಎಂಟು ಸಾಲು, ಸಾಲಿಗೆ ಆರು ಮನೆ,
ಪೆಟ್ಟಿಗೆಯಲ್ಲಿ ಜೋಡಿಸಿದ ಬಂಗುಡೆಯ ಹಾಗೆ.

ಅವರು ಬೆರಳಿಟ್ಟು ಓದಿದರು, ಎಡದಿಂದ ಬಲಕ್ಕೆ,
ತಲಪಾಡಿ ಬಂದಾಗಲೆಲ್ಲ ತುಟಿಯಲ್ಲೇ ಒಂದು ಸೀಟಿ.
ಐದನೇ ಸಾಲಿನಲ್ಲಿ ಬೆರಳು ನಿಂತಿತು.
"ಚಹಾ ಎಲ್ಲಿ?"

ಒಂದು ಸಾಲು ಮುಚ್ಚಿ ಇನ್ನೊಂದು ತೆರೆಯುವ ನಡುವೆ
ಪ್ರೋಗ್ರಾಮಿಗೆ ಏನೂ ಆಗುವುದಿಲ್ಲ ಎಂದೆ.
ಅಲ್ಲಿ ಕೂದಲೆಳೆಯಂಥ ಒಂದು ಗೆರೆ, ಅಷ್ಟೆ.

"ಅಲ್ಲಿಯೇ ಇರುವುದು ಎಲ್ಲ," ಅಂದರು.
"ಚಹಾ, ಮುಖ ತೊಳೆಯುವುದು, ಚಿಲ್ಲರೆ ಲೆಕ್ಕ,
ವಾಪಸು ಬರುವ ಅಷ್ಟು ದಾರಿ.
ಆ ಗೆರೆ ಸ್ವಲ್ಪ ದಪ್ಪ ಮಾಡು."

ಕೆಳಗೆ ಯಾರೋ "ಪೋಯಿ ಪೋಯಿ" ಎಂದು ತಗಡು ಬಡಿದರು.
ಎರಡು ಪಿಕ್ಸೆಲ್ ಮಾಡಿದೆ.

"ಇನ್ನೂ ಸ್ವಲ್ಪ."