ಗಾಯಾಳು ನಂಬರ್ ಏಳು

ಕೊರಳಿಗೆ ಹಳದಿ ಚೀಟಿ ಕಟ್ಯಾರ:
ಗಾಯಾಳು ಏಳು. ಹೆಣ್ಣು. ಪ್ರಜ್ಞೆ ಇದೆ.
ಹೋಮ್‌ಗಾರ್ಡ್ ಖಾಕಿ ಮನ್ಯಾಗ ಇಟ್ಟು
ಹಳೇ ನೈಟಿ ಹಾಕ್ಕೊಂಡು ಬಾ ಘಾಳೆಮ್ಮ ಅಂದಿದ್ರು,
ಮ್ಯಾಲಿನ ಬಟ್ಟಿ ಕತ್ತರಿಸೋದು ಅದ, ಹೊಸದು ಬ್ಯಾಡ.

ಕಲಬುರಗಿ. ದೊಡ್ಡ ದವಾಖಾನಿ ಹಿಂದಿನ ಬಯಲು.
ಎಲ್ಲಾ ಅಣಕು ಪ್ರದರ್ಶನ.
ಬಿಸಿಲಿಗೆ ಮಾತ್ರ ಅಣಕು ಗೊತ್ತಿಲ್ಲ.

ಗುಜರಿ ಅಂಗಡ್ಯಾಗ ಸೀಸದ ಡಬ್ಬಿ ಒಡದದ,
ಇದು ಇವತ್ತಿನ ಕತಿ.
ಗಾಳಿ ಯಾವ ದಿಕ್ಕಿಗದ? ತಹಶೀಲ್ದಾರರು ಕೇಳಿದ್ರು.
ಯಾರೋ ಕರ್ಚೀಫ್ ಎತ್ತಿ ಹಿಡದ್ರು.
ಅಲುಗಲಿಲ್ಲ.
ಪೂರ್ವಕ್ಕೆ, ಅಂತ ಬರಕೊಂಡ್ರು.

ಟ್ಯಾಂಕರ್ ಬರೋತನಕ
ವಿಕಿರಣ ಬಡದ ನಾವು ಹನ್ನೆರಡು ಮಂದಿ
ಬೇವಿನ ನೆರಳಿಗೆ ಕುಂತು ಸುಸಲಾ ತಿಂದೇವು.
ತಿನ್ನಬಾರದಂತ. ಕೈ ಬಾಯಿಗೆ ಹೋಗಬಾರದಂತ.
ಖರೇ ಇದ್ದಿದ್ರ ಸುಸಲಾದ ಜೋಡಿ ಅದನ್ನೂ ನುಂಗತಿದ್ರಿ,
ಅಂದ, ಬಿಳಿ ಸೂಟಿನೊಳಗಿನ ಹುಡುಗ.
ಮಾರಿ ಕಾಣಲಿಲ್ಲ. ದನಿ ಬೆವತಿತ್ತು.

ನೆತ್ತಿ, ಹೆಗಲು, ಅಂಗಾಲು, ಮಷೀನು ಆಡಿಸಿದ.
ಎಲ್ಲೋ ಒಂದು ಟಿಕ್, ನಿದ್ದಿಗಣ್ಣಾಗ ಅಂದಂಗ.
ಸಾಹೇಬ್ರೇ ಬಾಯಿಲೆ ಕಿರ್ರ್ ಅಂದ್ರು:
ಏಳಕ್ಕ ಹತ್ಯಾದ, ತೊಳೀಲಿಕ್ಕಿ ಕಳಿಸ್ರಿ.

ಮಷೀನು ಸುಳ್ಳಲ್ಲ ಅಂತ ತೋರಸಲಿಕ್ಕಿ
ಆಮ್ಯಾಲ ಒಂದು ಪ್ಲಾಸ್ಟಿಕ್ ಚೀಲ ಬಿಚ್ಚಿದ್ರು.
ಚಿಮಟಿಗೀಲೆ ಹೊರಗ ತಗದ್ರು
ಬೆಳ್ಳನ್ನ ಜಾಳಿಗಿ, ಹೆಬ್ಬೆಟ್ಟಿನಷ್ಟು.
ಹಂಚಿನ್ಯಾಗ ಜ್ವಾಳ ಅರಳಿದಂಗ
ಚಟಚಟ ಚಟಚಟ.
ಹಳೇ ಗ್ಯಾಸ್‌ಬತ್ತಿ ಮೆಂಟಲ್. ಥೋರಿಯಂ ಅದ.
ಭಾಳ ಸಣ್ಣದು, ಅಂಜಬ್ಯಾಡ್ರಿ. ದೂರ ನಿಂದರ್ರಿ.

ಅಂಜಿಕಿ ಬರಲಿಲ್ಲ ನನಗ. ಗುರ್ತ ಸಿಕ್ತು.

ಮಹಾಗಾಂವ ಕ್ರಾಸ್. ಮಖ್ದೂಮಸಾಬನ ಬಾಡಿಗಿ ಅಂಗಡಿ.
ನಮ್ಮಪ್ಪ ಬಂಡೆಪ್ಪ ತಲಿಮ್ಯಾಲ ಬೆಳಕು ಹೊತ್ತು
ಮಂದಿ ಮದಿವಿ ಮುಂದ ನಡದವ,
ಊಟದ ಹೊತ್ತಿಗೆ ಹಿಂದ ಉಳದವ.
ಬೆರಳು ಸಣ್ಣವು ಅಂತ ಮೆಂಟಲ್ ಕಟ್ಟೋ ಕೆಲಸ ನಂದು.
ದಾರ ಹಲ್ಲಾಗ ಕಚ್ಚಿ ಜಗ್ಗಬೇಕು, ಗಂಟು ಕೂಡತದ.
ಸುಟ್ಟಿದ್ದು ಮುಟ್ಟಿದ್ರ ಬೂದಿ.
ಅಂಗೈಯಾಗ ಹಿಡದು ಊದತಿದ್ದೆ, ಚಿಟ್ಟಿ ಹಾರ್‍ತು ಅಂತ.
ತಮ್ಮನ ಮಾರಿ ಮ್ಯಾಲೂ ಊದೀನಿ, ನಗತಿದ್ದ.

ಹುಡುಗ ಫಾರಂ ಹಿಡಕೊಂಡು ಬಂದ.
ಈ ಮೊದಲು ವಿಕಿರಣಕ್ಕೆ ಒಡ್ಡಿಕೊಂಡಿದ್ದುಂಟೇ?
ಹನ್ನೆರಡು ಮಂದಿಗೂ ‘ಇಲ್ಲ’ ಅಂತ
ರಾತ್ರೀನ ಝೆರಾಕ್ಸ್ ಮಾಡಿಸಿ ತಂದಿದ್ರು.
ಎಷ್ಟು ಬತ್ತಿ ಕಟ್ಟೀನಿ ಅಂತ ಯಾರು ಎಣಿಸ್ಯಾರ,
ನಾನೂ ಎಣಿಸಿಲ್ಲ.

ನೀರು ಬಂತು. ಟ್ಯಾಂಕರಿನ್ಯಾಗ ಕುದ್ದ ನೀರು.
ಕಣ್ಣು ಮುಚ್ಚರಿ, ಬಾಯಿ ಮುಚ್ಚರಿ,
ತಲಿಯಿಂದ ಸುರು ಮಾಡತೀನಿ ಅಂದ.

ತಲಿ ಇರಲಿ,
ಮೊದಲ ಬೆರಳು ತೊಳಿಯಪ್ಪ, ಅಂದೆ.