ತೂಕದ ಮನೆಯ ಯಂತ್ರ

ಗದ್ದಲದ ದೂರು ಹೇಳಲೆಂದೇ ಇಳಿದುಹೋದೆ ಮೊದಲ ಸಲ.
ಲೀಪಾಯಾದ ಜನವರಿ; ಕಡಲ ಗಾಳಿ
ಮೆಟ್ಟಿಲ ಸಂದಿಯಲ್ಲೂ ಹಲ್ಲು ಕಡಿಯುತ್ತಿತ್ತು.
ನನ್ನ ನೆಲದ ಕೆಳಗೆ ಮೂರು ರಾತ್ರಿಯಿಂದ
ಏನೋ ಒಂದು ಗೊರಗೊರ, ನಡುನಡುವೆ ಕೆಮ್ಮು.

ಬಾಗಿಲು ತೆರೆದ ಸ್ಕೈದ್ರೀತೆಯ ಕೈತುಂಬ ರೈ ಹಿಟ್ಟು.
"ಗಂಡನ ಗೊರಕೆಯಲ್ಲ," ಅಂದಳು, "ಅವನು ಹೋಗಿ ಹನ್ನೊಂದು ವರ್ಷ.
ಇದು ಸ್ಪಾರ್ಕ್. ಬೂಟು ಬಿಚ್ಚಿ ಬಾ."

ಅಡುಗೆಮೇಜಿನ ಮೇಲೆ, ಪಿಜ್ಜಾ ಡಬ್ಬಿಯಷ್ಟು ಚಪ್ಪಟೆ,
ಬೀಡಿ ಸೇದುವವರ ಹಲ್ಲಿನ ಬಣ್ಣ. ಮೌಸಿಲ್ಲ, ಚಿತ್ರವಿಲ್ಲ;
ದಪ್ಪ ತಂತಿಯ ಆಚೆ ತುದಿಗೆ ಇನ್ನೊಂದು ಮುದಿ ಟರ್ಮಿನಲ್
ಹಸಿರು ಅಕ್ಷರಗಳನ್ನು ಒಂದೊಂದೇ
ಜಿಪುಣ ಚಿಲ್ಲರೆ ಎಣಿಸಿದಂತೆ ಎಣಿಸಿ ಕೊಡುತ್ತಿತ್ತು.
ಯಂತ್ರದ ಬೆಚ್ಚನೆ ಬೆನ್ನ ಮೇಲೆ, ಬಟ್ಟೆ ಹೊದ್ದು,
ಉಬ್ಬುತ್ತಿತ್ತು ನಾಳೆಯ ಬ್ರೆಡ್ಡು.

ಸಕ್ಕರೆ ಕಾರ್ಖಾನೆ ಮುಚ್ಚಿದ ವಾರ
ಗುಜರಿಯವನ ಕೈಯಿಂದ ಬಿಡಿಸಿ
ಪಕ್ಕದ ಮನೆ ಹುಡುಗನ ಹಿಮಬಂಡಿಗೆ ಕಟ್ಟಿ ಎಳೆತಂದದ್ದಂತೆ.
ಹದಿಮೂರು ಹಂಗಾಮು ಇಬ್ಬರೂ ಒಂದೇ ಕೋಣೆಯಲ್ಲಿ:
ಬೀಟ್ ತುಂಬಿದ ಲಾರಿ ಬರುವುದು,
ಇವಳು ಕಿಟಕಿಯಿಂದ ಕೈಯಾಡಿಸುವುದು,
ಅದು ತೂಕ ಬರೆದುಕೊಳ್ಳುವುದು.

ಮಾಡಿದ ಕಂಪನಿಯೇ ಈಗಿಲ್ಲ.
ಅಂದಿನ ಪರವಾನಗಿ ಚೀಟಿಗೆ ಯಾರ ಕಪಾಟಿನಲ್ಲೋ ಬೂಷ್ಟು.
"ಈಗ ಇದರೊಳಗೆ ಬಿಎಸ್‌ಡಿ ಓಡುತ್ತದೆ."
ಬಿಟ್ಟಿಯೇ? ಕೇಳಿದೆ.
"ಬಿಟ್ಟಿ ಅನ್ನಬೇಡ, ಬಿಟ್ಟದ್ದು. ಬಾಗಿಲು ತೆರೆದು ಬಿಟ್ಟದ್ದು.
ಒಳಹೊಕ್ಕು ಯಾವ ಮೊಳೆ ಸಡಿಲ ಅಂತ ನಾನೇ ನೋಡಬಹುದು."

ಒಳಗಿನ ಬ್ಯಾಟರಿ ಸತ್ತು ಬಹುಕಾಲ.
ಪ್ರತಿ ಸಲ ಎದ್ದಾಗಲೂ ತಾನು ಯಾರೆಂದು ಅದಕ್ಕೆ ತಿಳಿಯದು.
ಹಿಟ್ಟಿನ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿದ ಚೀಟಿ ನೋಡಿ
ಹೆಸರು ಹೇಳಿಕೊಡುತ್ತಾಳೆ: ಎಂಟು, ಸೊನ್ನೆ, ಇಪ್ಪತ್ತು…
ಆಮೇಲೆ ಇವತ್ತಿನ ತಾರೀಕು.
ಎರಡನ್ನೂ ನಂಬುತ್ತದೆ, ಮರುಪ್ರಶ್ನೆಯಿಲ್ಲ.
ಸುಳ್ಳು ತಾರೀಕು ಕೊಟ್ಟು ನೋಡೋಣ ಅಂದೆ.
ಹಿಟ್ಟಿನ ಕೈಯಿಂದಲೇ ಮೊಣಕೈಗೆ ಏಟು.

ತನ್ನ ಇಡೀ ವ್ಯವಸ್ಥೆಯನ್ನು ತಾನೇ ಕಟ್ಟಿಕೊಳ್ಳಲು
ಅದಕ್ಕೆ ಒಂಬತ್ತು ದಿನ ಬೇಕು.
ಎಂಟನೆಯ ರಾತ್ರಿ ಸದ್ದು ನಿಂತಿತು.
ನನಗೆ ಎಚ್ಚರವಾಯಿತು.

ಕೋಟು ಸಿಕ್ಕಿಸಿಕೊಂಡು ಇಳಿದರೆ
ಕನ್ನಡಕ ಹಣೆಗೇರಿಸಿ, ಕಾಗದದ ಮೇಲೆ ಮನೆ ಬರೆದು ತೋರಿಸಿದಳು:
ನಾಲ್ಕರ ಗಂಟನ್ನು ನಾಲ್ಕರ ಮನೆಯಿಂದಲೇ ಎತ್ತಬೇಕು;
ಯಾರೋ ಒಂದು ಮನೆ ಆಚೆಯಿಂದ ಎತ್ತಿದ್ದಾರೆ.
ನನ್ನ ಹೊಸ ಲ್ಯಾಪ್‌ಟಾಪಾದರೆ
ಎಡವಟ್ಟನ್ನು ನುಂಗಿಕೊಂಡು, ಬಾಯಿಬಿಡದೆ, ಮುಂದೆ ಹೋಗುತ್ತಿತ್ತು.
ಇದು ಒಲ್ಲೆ ಅಂತು. ಒಲ್ಲೆ ಅಂದು ಬಿತ್ತು.

"ಲಾರಿಯವರು ಹೀಗೇ," ಅಂದಳು. "ಖಾಲಿ ಮಾಡಿ ಮರಳುವಾಗ
ಒಂದು ಚಕ್ರ ತೂಕದ ಕಟ್ಟೆಯಿಂದ ಹೊರಗೆ.
ತೂಗಿಬಿಡು ಅಕ್ಕಾ, ಅನ್ನೋರು. ಹಿಂದೆ ತೆಗಿ, ಅನ್ನುತ್ತಿದ್ದೆ.
ಯಂತ್ರ ಬರುವ ಮುಂಚೆ, ಒಂದೇ ಒಂದು ಸಲ,
ನೋಡಿಯೂ ನೋಡದೆ ತೂಗಿದೆ, ಗುಂತಿಸನದು."
ಗುಂತಿಸ್ ಯಾರು?
ಗೋಡೆಯ ಫೋಟೋದತ್ತ ಗಲ್ಲ ಎತ್ತಿದಳು.

ತಿದ್ದಿದ್ದು ಒಂದು ಸಾಲು. ಮೂಡಣ ಬೆಳಗಾಗುವ ಮೊದಲೇ
ಒಸಾಕದಿಂದ ಯಾರೋ ಸರಿ ಎಂದು ಬರೆದ.
ಅವನ ಹತ್ತಿರವೂ ಇಂಥದೊಂದಿದೆಯಂತೆ, ಮಂಚದಡಿ;
ಹೆಂಡತಿಗೆ ಗೊತ್ತಿಲ್ಲವಂತೆ.

ಅಷ್ಟರಲ್ಲಿ ತಣ್ಣಗಾದ ಬೆನ್ನ ಮೇಲೆ ಹಿಟ್ಟು ಕುಸಿದಿತ್ತು.
ಹಾಗೇ ಸುಟ್ಟಳು. ಕಲ್ಲಿನಂತೆ ಗಟ್ಟಿ, ಒಂದು ಕಡೆಗೆ ವಾಲು.
ಅರ್ಧ ಕಟ್ಟಿಕೊಟ್ಟಳು ನನಗೆ, ಜೀರಿಗೆಯ ಗಿಣ್ಣೂ ಒಂದು ಚೂರು.

ಮೇಲೆ ಬಂದು ಮಲಗಿದೆ. ಕೆಳಗೆ ಕತ್ತಲಲ್ಲಿ
ಎಂಟು, ಸೊನ್ನೆ, ಇಪ್ಪತ್ತು… ಆಮೇಲೆ ತಾರೀಕು.
ಮೊದಲೊಂದು ಕೆಮ್ಮು.
ಇನ್ನು ಮತ್ತೆ ಒಂಬತ್ತು ದಿನ.